ಪೆಟ್ರೋಲಿನ ಆಕ್ಟೇನ್ ಸಂಖ್ಯೆಯೂ ಟರ್ಬೋ ಕಾರಿನ ಶಕ್ತಿಯೂ

ಬೇಸಿಗೆಯ ರಜೆ ಮುಗಿದು ಶಾಲೆ ಆರಂಭವಾದ ಮೊದಲ ವಾರದಲ್ಲಿ ಮೇಲಿನ ತರಗತಿಯ ವಿದ್ಯಾರ್ಥಿಯೊಬ್ಬನು ನಮ್ಮನ್ನು ಒಂದು ಪ್ರಶ್ನೆ ಕೇಳಿದನು. "ಸಾರ್, ನಮ್ಮ ಸೋದರಮಾವನವರು ಟರ್ಬೋ ಕಾರು ಕೊಂಡಿದ್ದಾರೆ. ಬೆಂಗಳೂರಿಗೆ ಹೋದಾಗಲೆಲ್ಲ ಅದಕ್ಕೆ ನೂರನೆಯ ನಂಬರಿನ ಪೆಟ್ರೋಲನ್ನೇ ಹಾಕಿಸುತ್ತಾರೆ. ಅದರಲ್ಲಿ ಶಕ್ತಿ ಹೆಚ್ಚಂತೆ. ನಿಜವೇ?" ನಾವು ಉತ್ತರವನ್ನು ಆರಂಭಿಸುವಷ್ಟರಲ್ಲಿ ಗಂಟೆ ಬಾರಿಸಿತು. ಅಂದು ಅರ್ಧಕ್ಕೆ ನಿಂತ ಆ ಉತ್ತರವನ್ನು ಇಲ್ಲಿ ಪೂರ್ತಿಗೊಳಿಸಲು ಯತ್ನಿಸುತ್ತೇವೆ. ಹಣ ಕೊಡುವವರು ಪೋಷಕರಾದುದರಿಂದ ಅವರೂ ಇದನ್ನು ಓದಬೇಕೆಂಬುದು ನಮ್ಮ ಅಪೇಕ್ಷೆ.

ಈ ವಿಷಯವು ನಮ್ಮ ಸೀಮೆಗೆ ದೂರದ್ದೇನೂ ಅಲ್ಲ. ಮಡಕಶಿರಾದಿಂದ ಪೂರ್ವಕ್ಕೆ ಹೋದರೆ ಪೆನುಕೊಂಡ. ಅದರ ಬಳಿಯ ಎರ್ರಮಂಚಿಯಲ್ಲಿ ಕಿಯಾ ಸಂಸ್ಥೆಯ ಕಾರು ಕಾರ್ಖಾನೆಯಿದೆ. 2019ರಲ್ಲಿ ಅಲ್ಲಿಂದ ಮೊದಲು ಮಾರುಕಟ್ಟೆಗೆ ಬಂದ ಕಾರು ಸೆಲ್ಟೋಸ್. ಆಗ ಅದು ಅನಂತಪುರ ಜಿಲ್ಲೆ. 2022ರಿಂದ ಪೆನುಕೊಂಡವೂ ಮಡಕಶಿರಾವೂ ಶ್ರೀ ಸತ್ಯಸಾಯಿ ಜಿಲ್ಲೆಗೆ ಸೇರಿವೆ. ರಾಯದುರ್ಗವು ಅನಂತಪುರ ಜಿಲ್ಲೆಯಲ್ಲಿಯೇ ಉಳಿದಿದೆ. ಆ ಮೊದಲ ಸೆಲ್ಟೋಸಿನಲ್ಲಿ ಎರಡು ಬಗೆಯ ಪೆಟ್ರೋಲ್ ಎಂಜಿನ್ನುಗಳಿದ್ದುವು. ಒಂದು ಟರ್ಬೋ ಇಲ್ಲದುದು: ಗಾತ್ರ 1,497 ಘನ ಸೆಂಟಿಮೀಟರು, ಶಕ್ತಿ 115 ಅಶ್ವಶಕ್ತಿ. ಇನ್ನೊಂದು ಟರ್ಬೋ ಇದ್ದುದು: ಗಾತ್ರ 1,353 ಘನ ಸೆಂಟಿಮೀಟರು, ಶಕ್ತಿ 140 ಅಶ್ವಶಕ್ತಿ. ಚಿಕ್ಕ ಎಂಜಿನ್ನು ದೊಡ್ಡದಕ್ಕಿಂತ ಹೆಚ್ಚು ದುಡಿಯಿತು. ಇದು ಹೇಗೆ ಸಾಧ್ಯವಾಯಿತು, ಇದರಲ್ಲಿ ಪೆಟ್ರೋಲಿನ ಪಾತ್ರವೆಷ್ಟು ಎಂಬುದೇ ನಮ್ಮ ಪ್ರಶ್ನೆ.

ಮೊದಲು ಒಂದು ತಪ್ಪು ತಿಳಿವಳಿಕೆಯನ್ನು ನಿವಾರಿಸೋಣ. ಆಕ್ಟೇನ್ ಸಂಖ್ಯೆಯು ಪೆಟ್ರೋಲಿನಲ್ಲಿ ಅಡಗಿರುವ ಶಕ್ತಿಯ ಅಳತೆಯಲ್ಲ. 91ರ ಪೆಟ್ರೋಲನ್ನೂ 100ರ ಪೆಟ್ರೋಲನ್ನೂ ಒಂದೊಂದು ಲೀಟರು ಸುಟ್ಟರೆ ದೊರೆಯುವ ಶಾಖವು ಹೆಚ್ಚುಕಡಿಮೆ ಒಂದೇ. ಹಾಗಾದರೆ ಆ ಸಂಖ್ಯೆ ಏನನ್ನು ಅಳೆಯುತ್ತದೆ? ಒಂದೇ ಮಾತಿನಲ್ಲಿ ಹೇಳುವುದಾದರೆ, ಅದು ಪೆಟ್ರೋಲಿನ ತಾಳ್ಮೆಯ ಅಳತೆ. ಒತ್ತಡವನ್ನೂ ಬಿಸಿಯನ್ನೂ ಸಹಿಸಿಕೊಂಡು, ಕಿಡಿಯಿಂದ ಎದ್ದ ಜ್ವಾಲೆ ತನ್ನ ಬಳಿಗೆ ಬರುವವರೆಗೆ ತಾನಾಗಿ ಹೊತ್ತಿಕೊಳ್ಳದೆ ಕಾದಿರುವ ಗುಣವೇ ಆ ತಾಳ್ಮೆ.

ಇದನ್ನು ತಿಳಿಯಲು ಎಂಜಿನ್ನಿನ ಒಳಹೊಕ್ಕು ನೋಡಬೇಕು. ಪೆಟ್ರೋಲ್ ಎಂಜಿನ್ನಿನ ಸಿಲಿಂಡರಿನಲ್ಲಿ ಪಿಸ್ಟನ್ನು ಮೇಲಕ್ಕೂ ಕೆಳಕ್ಕೂ ಚಲಿಸುತ್ತಿರುವುದಷ್ಟೆ. ಮೊದಲ ಬಾರಿ ಕೆಳಕ್ಕಿಳಿಯುವಾಗ ಗಾಳಿಯನ್ನೂ ಪೆಟ್ರೋಲಿನ ಹನಿಗಳನ್ನೂ ಒಳಗೆ ಸೆಳೆಯುತ್ತದೆ. ಮೇಲಕ್ಕೇರುವಾಗ ಆ ಮಿಶ್ರಣವನ್ನು ಸುಮಾರು ಹತ್ತರಲ್ಲೊಂದು ಪಾಲಿನಷ್ಟು ಜಾಗಕ್ಕೆ ಒತ್ತುತ್ತದೆ. ಆಗ ಕಿಡಿ ಹಾರಿ ಮಿಶ್ರಣ ಉರಿದು, ಅದರ ಒತ್ತಡವು ಪಿಸ್ಟನ್ನನ್ನು ಬಲವಾಗಿ ಕೆಳಕ್ಕೆ ದೂಡುತ್ತದೆ. ನಾಲ್ಕನೆಯ ಚಲನೆಯಲ್ಲಿ ಉರಿದ ಅನಿಲವು ಹೊರಗೆ ಹೋಗುತ್ತದೆ. ಈ ನಾಲ್ಕರಲ್ಲಿ ದುಡಿಮೆಯು ಒಂದರಲ್ಲಿ ಮಾತ್ರ.

ಸೈಕಲ್ಲಿನ ಗಾಲಿಗೆ ಗಾಳಿ ತುಂಬಿದ ಪ್ರತಿಯೊಬ್ಬ ಬಾಲಕನೂ ಪಂಪಿನ ತಳವು ಬಿಸಿಯಾಗುವುದನ್ನು ಕಂಡಿರುತ್ತಾನೆ. ಗಾಳಿಯನ್ನು ಒತ್ತಿದರೆ ಅದು ಬಿಸಿಯಾಗುತ್ತದೆ. ಎಂಜಿನ್ನಿನೊಳಗೂ ಅದೇ ನಿಯಮ. ಹತ್ತು ಪಾಲನ್ನು ಒಂದು ಪಾಲಿಗೆ ಒತ್ತಿದಾಗ ಮಿಶ್ರಣದ ಬಿಸಿಯು ಸುಮಾರು 400 ಡಿಗ್ರಿ ಸೆಂಟಿಗ್ರೇಡಿನವರೆಗೆ ಏರುತ್ತದೆ. ಇನ್ನೂ ಕಿಡಿ ಹಾರಿಲ್ಲವೆಂಬುದನ್ನು ನೆನಪಿಡಿ.

ಇನ್ನು ಕಾಲದ ವಿಚಾರ. ಎಂಜಿನ್ನು ನಿಮಿಷಕ್ಕೆ 3,000 ಸುತ್ತು ತಿರುಗುತ್ತಿದ್ದರೆ ಸೆಕೆಂಡಿಗೆ 50 ಸುತ್ತು. ಪಿಸ್ಟನ್ನು ಮೇಲಿನಿಂದ ಕೆಳಗೆ ಬರಲು ಹಿಡಿಯುವುದು ಸೆಕೆಂಡಿನ ನೂರರಲ್ಲೊಂದು ಭಾಗ. ಜ್ವಾಲೆಯು ಸಿಲಿಂಡರಿನ ತುಂಬ ಹರಡುವುದಕ್ಕೂ ಸೆಕೆಂಡಿನ ಕೆಲವು ಸಾವಿರದೊಂದು ಭಾಗಗಳಷ್ಟು ಕಾಲ ಬೇಕು. ಆದುದರಿಂದ ಪಿಸ್ಟನ್ನು ತುದಿಯನ್ನು ಮುಟ್ಟುವುದಕ್ಕೆ ತುಸು ಮೊದಲೇ ಕಿಡಿಯನ್ನು ಹಾರಿಸಬೇಕು. ಉಯ್ಯಾಲೆಯನ್ನು ತೂಗುವವರಿಗೆ ಇದರ ಮರ್ಮ ಗೊತ್ತು. ಅದು ಹಿಂದಕ್ಕೆ ಬಂದು ಮರಳುವ ಕ್ಷಣದಲ್ಲಿ ದೂಡಿದರೆ ಸ್ವಲ್ಪ ಬಲಕ್ಕೇ ಎತ್ತರ ಏರುತ್ತದೆ. ತಡವಾಗಿ ದೂಡಿದರೆ ಬಲ ವ್ಯರ್ಥ. ಇನ್ನೂ ನಮ್ಮ ಕಡೆಗೆ ಬರುತ್ತಿರುವಾಗಲೇ ದೂಡಿದರೆ ಉಯ್ಯಾಲೆ ನಿಲ್ಲುವುದಲ್ಲದೆ ನಮ್ಮ ಕೈಯೂ ಉಳುಕುತ್ತದೆ.

ಜ್ವಾಲೆಯು ಕ್ರಮವಾಗಿ ಹರಡುತ್ತ ಹೋದರೆ ಎಲ್ಲವೂ ಸರಿ. ಆದರೆ ಜ್ವಾಲೆ ಒಂದು ಕಡೆಯಿಂದ ಬರುತ್ತಿರುವಾಗ, ದೂರದ ಮೂಲೆಯಲ್ಲಿರುವ ಇನ್ನೂ ಉರಿಯದ ಮಿಶ್ರಣವು ಮತ್ತಷ್ಟು ಒತ್ತಲ್ಪಟ್ಟು, ಮತ್ತಷ್ಟು ಬಿಸಿಯಾಗುತ್ತದೆ. ತಾಳ್ಮೆ ಸಾಲದ ಪೆಟ್ರೋಲಾದರೆ ಅಲ್ಲಿ ತಾನಾಗಿಯೇ, ಒಮ್ಮೆಲೇ ಹೊತ್ತಿಕೊಳ್ಳುತ್ತದೆ. ದೀಪಾವಳಿಯಲ್ಲಿ ಹಚ್ಚುವ ಹೂಕುಂಡಕ್ಕೂ ಪಟಾಕಿಗೂ ಇರುವ ಭೇದವೇ ಇಲ್ಲಿಯೂ ಇರುವುದು. ಒಂದು ಕ್ರಮವಾಗಿ ಉರಿದು ಹೂ ಚೆಲ್ಲುತ್ತದೆ. ಇನ್ನೊಂದು ಒಂದೇ ಏಟಿಗೆ ಸಿಡಿಯುತ್ತದೆ. ಸಿಲಿಂಡರಿನೊಳಗಿನ ಈ ಸಿಡಿತವು ಲೋಹದ ಮೇಲೆ ಸುತ್ತಿಗೆಯ ಏಟಿನಂತೆ ಟಣಟಣನೆ ಕೇಳಿಸುತ್ತದೆ. ಇದನ್ನೇ ಚಾಲಕರೂ ಮೆಕ್ಯಾನಿಕ್ಕುಗಳೂ ನಾಕಿಂಗ್ ಎನ್ನುವುದು. ಅದು ಹೆಚ್ಚಾಗಿ ಬಹುಕಾಲ ನಡೆದರೆ ಪಿಸ್ಟನ್ನು ಮಿತಿಮೀರಿ ಕಾದು, ಬಿರುಕು ಬಿಟ್ಟು, ಕರಗುವುದೂ ಉಂಟು.

ಹೊಲದಲ್ಲಿ ದುಡಿಯುವ ಟ್ರ್ಯಾಕ್ಟರಿನ ಮಾತೇನು ಎಂದು ರೈತರ ಮಕ್ಕಳು ಕೇಳಬಹುದು. ಡೀಸೆಲ್ ಎಂಜಿನ್ನಿನ ಧರ್ಮವೇ ಬೇರೆ. ಅಲ್ಲಿ ಕಿಡಿಯೇ ಇಲ್ಲ. ಒತ್ತಿ ಕಾಯಿಸಿದ ಗಾಳಿಗೆ ಡೀಸೆಲನ್ನು ಚಿಮ್ಮಿಸಿದೊಡನೆ ಅದು ತಾನಾಗಿ ಹೊತ್ತಿಕೊಳ್ಳಬೇಕು. ಡೀಸೆಲಿನಲ್ಲಿ ಗುಣವೆನಿಸಿಕೊಳ್ಳುವುದೇ ಪೆಟ್ರೋಲಿನಲ್ಲಿ ದೋಷ. ಆಕ್ಟೇನಿನ ಮಾತು ಪೆಟ್ರೋಲಿಗೆ ಮಾತ್ರ ಸಲ್ಲುತ್ತದೆ.

ಪೆಟ್ರೋಲಿನ ಈ ತಾಳ್ಮೆಯನ್ನು ಅಳೆಯುವ ಬಗೆಯನ್ನು 1926ರಲ್ಲಿ ಅಮೆರಿಕದ ಗ್ರಹಾಂ ಎಡ್ಗರ್ ಎಂಬ ರಸಾಯನಶಾಸ್ತ್ರಜ್ಞನು ಸೂಚಿಸಿದನು. ಬಹಳ ತಾಳ್ಮೆಯುಳ್ಳ ಐಸೋ ಆಕ್ಟೇನ್ ಎಂಬ ದ್ರವಕ್ಕೆ 100 ಎಂದೂ, ಬೇಗನೆ ಸಿಡಿಯುವ ಹೆಪ್ಟೇನ್ ಎಂಬ ದ್ರವಕ್ಕೆ ಸೊನ್ನೆ ಎಂದೂ ಅಂಕ ಕೊಟ್ಟರು. ಒತ್ತುವ ಪ್ರಮಾಣವನ್ನು ಬದಲಾಯಿಸಬಲ್ಲ ಒಂದೇ ಸಿಲಿಂಡರಿನ ಪರೀಕ್ಷಾ ಎಂಜಿನ್ನಿನಲ್ಲಿ ಪೆಟ್ರೋಲನ್ನು ಉರಿಸಿ ನೋಡುತ್ತಾರೆ. ಅದು 91 ಪಾಲು ಐಸೋ ಆಕ್ಟೇನ್, 9 ಪಾಲು ಹೆಪ್ಟೇನ್ ಬೆರಸಿದ ಮಿಶ್ರಣದಂತೆಯೇ ವರ್ತಿಸಿದರೆ ಅದರ ಆಕ್ಟೇನ್ ಸಂಖ್ಯೆ 91. ಐಸೋ ಆಕ್ಟೇನನ್ನೂ ಮೀರಿಸುವ ಇಂಧನಗಳಿಗೆ ನೂರಕ್ಕಿಂತ ಹೆಚ್ಚಿನ ಅಂಕ ಸಲ್ಲುತ್ತದೆ. ಅಮೆರಿಕದಲ್ಲಿ ನೆಲಸಿರುವ ನಮ್ಮವರು ಅಲ್ಲಿಯ ಬಂಕುಗಳಲ್ಲಿ 87 ಎಂದು ಬರೆದಿರುವುದಾಗಿ ಹೇಳಿದರೆ, ಆ ಪೆಟ್ರೋಲು ನಮ್ಮದಕ್ಕಿಂತ ಕೀಳೆಂದು ಭಾವಿಸಬಾರದು. ಅಲ್ಲಿ ಎರಡು ಬಗೆಯ ಪರೀಕ್ಷೆಗಳ ಸರಾಸರಿಯನ್ನು ಬರೆಯುತ್ತಾರೆ. ಆ 87 ನಮ್ಮ ಲೆಕ್ಕದಲ್ಲಿ ಸುಮಾರು 91.

ಈಗ ಟರ್ಬೋ ಯಂತ್ರಕ್ಕೆ ಬರೋಣ. ಒಲೆ ಮಂದವಾದಾಗ ಅಜ್ಜಿಯು ಊದುಕೊಳವೆಯಿಂದ ಊದುತ್ತಾಳೆ. ಕಮ್ಮಾರನು ತಿದಿಯನ್ನು ಒತ್ತುತ್ತಾನೆ. ಗಾಳಿ ಹೆಚ್ಚಿದಷ್ಟೂ ಉರಿ ಹೆಚ್ಚು. ಒಂದು ಕಿಲೋ ಪೆಟ್ರೋಲು ಪೂರ್ತಿಯಾಗಿ ಉರಿಯಲು ಸುಮಾರು 14.7 ಕಿಲೋ ಗಾಳಿ ಬೇಕು. ಪೆಟ್ರೋಲನ್ನು ಹೆಚ್ಚು ಸುರಿಯುವುದು ಸುಲಭ. ಗಾಳಿಯನ್ನು ಹೆಚ್ಚು ತುಂಬುವುದೇ ಕಷ್ಟ. ಈ ಕಾರ್ಯಕ್ಕೆ ಹೊರಗೆ ವ್ಯರ್ಥವಾಗಿ ಹೋಗುವ ಬಿಸಿ ಹೊಗೆಯನ್ನೇ ಬಳಸಿಕೊಳ್ಳುವ ಉಪಾಯಕ್ಕೆ ಸ್ವಿಟ್ಸರ್ಲೆಂಡಿನ ಆಲ್ಫ್ರೆಡ್ ಬ್ಯೂಖಿ ಎಂಬ ಎಂಜಿನಿಯರನು 1905ರಲ್ಲಿ ಪೇಟೆಂಟ್ ಪಡೆದನು. ಹೊಗೆಯ ರಭಸಕ್ಕೆ ಒಂದು ಚಿಕ್ಕ ಚಕ್ರ ತಿರುಗುತ್ತದೆ. ಅದೇ ಅಚ್ಚಿನ ಇನ್ನೊಂದು ತುದಿಯಲ್ಲಿರುವ ಚಕ್ರವು ಹೊರಗಿನ ಗಾಳಿಯನ್ನು ಒತ್ತಿ ಎಂಜಿನ್ನಿಗೆ ತುಂಬುತ್ತದೆ. ಕಾರಿನ ಟರ್ಬೋ ಚಕ್ರವು ನಿಮಿಷಕ್ಕೆ ಒಂದು ಲಕ್ಷಕ್ಕೂ ಹೆಚ್ಚು ಸುತ್ತು ತಿರುಗಬಲ್ಲುದು.

ಆದರೆ ಲಾಭದೊಡನೆ ಒಂದು ತೊಡಕೂ ಬರುತ್ತದೆ. ಸೈಕಲ್ ಪಂಪಿನ ನಿಯಮ ಇಲ್ಲಿಯೂ ಬಿಡದು. ನಮ್ಮ ಸೀಮೆಯ 40 ಡಿಗ್ರಿ ಬೇಸಿಗೆಯ ಗಾಳಿಯನ್ನು ಟರ್ಬೋ ಯಂತ್ರವು ಎರಡು ಪಟ್ಟು ಒತ್ತಡಕ್ಕೆ ಏರಿಸಿದರೆ ಅದರ ಬಿಸಿ 100 ಡಿಗ್ರಿಯನ್ನು ಮೀರುತ್ತದೆ. ಅದನ್ನು ತಣಿಸಲು ಇಂಟರ್‌ಕೂಲರ್ ಎಂಬ ಜಾಲರಿಯಿರುವುದಾದರೂ, ಹೊರಗಿನ ಗಾಳಿಯೇ ಸುಡುತ್ತಿರುವಾಗ ಅದು ತಣಿಸಬಲ್ಲುದು ಅಷ್ಟಕ್ಕಷ್ಟೆ. ಹೀಗೆ ಮೊದಲೇ ಒತ್ತಿ, ಮೊದಲೇ ಕಾದ ಗಾಳಿಯನ್ನು ಪಿಸ್ಟನ್ನು ಮತ್ತೆ ಒತ್ತುತ್ತದೆ. ಪೆಟ್ರೋಲಿನ ತಾಳ್ಮೆಗೆ ಇದಕ್ಕಿಂತ ಕಠಿಣ ಪರೀಕ್ಷೆ ಬೇರೊಂದಿಲ್ಲ. ಟರ್ಬೋ ಎಂಜಿನ್ನು ಎಷ್ಟು ಗಾಳಿಯನ್ನು ತುಂಬಿಕೊಳ್ಳಬಹುದು ಎಂಬುದಕ್ಕೆ ನಾಕಿಂಗ್ ಒಂದು ಮುಖ್ಯವಾದ ಎಲ್ಲೆ. ಆ ಎಲ್ಲೆಯನ್ನು ದೂರಕ್ಕೆ ಸರಿಸುವುದೇ ಹೆಚ್ಚಿನ ಆಕ್ಟೇನಿನ ಕೆಲಸ.

ಇತಿಹಾಸದಲ್ಲಿ ಇದಕ್ಕೊಂದು ಪ್ರಸಿದ್ಧ ನಿದರ್ಶನವಿದೆ. 1940ರಲ್ಲಿ ಬ್ರಿಟನ್ನಿನ ಆಕಾಶದಲ್ಲಿ ಯುದ್ಧ ನಡೆದಾಗ ಅಲ್ಲಿಯ ಸ್ಪಿಟ್‌ಫೈರ್, ಹರಿಕೇನ್ ವಿಮಾನಗಳಲ್ಲಿ ರೋಲ್ಸ್ ರಾಯ್ಸ್ ಸಂಸ್ಥೆಯ ಮರ್ಲಿನ್ ಎಂಜಿನ್ನುಗಳಿದ್ದುವು. ಅವುಗಳಲ್ಲಿಯೂ ಗಾಳಿ ತುಂಬುವ ಯಂತ್ರವಿತ್ತು. ಆದರೆ ಅದನ್ನು ತಿರುಗಿಸುತ್ತಿದ್ದುದು ಹೊಗೆಯಲ್ಲ, ಎಂಜಿನ್ನೇ. 87ರ ಪೆಟ್ರೋಲಿನಲ್ಲಿ ಹೊರಗಿನ ಒತ್ತಡಕ್ಕಿಂತ ಚದರ ಅಂಗುಲಕ್ಕೆ ಸುಮಾರು 6 ಪೌಂಡು ಮಾತ್ರ ಹೆಚ್ಚು ತುಂಬಲು ಸಾಧ್ಯವಿತ್ತು. 100ರ ಪೆಟ್ರೋಲು ಬಂದ ಮೇಲೆ ಅದನ್ನು 12 ಪೌಂಡಿಗೆ ಏರಿಸಿದರು. ಇದರಿಂದ ಕಡಿಮೆ ಎತ್ತರದಲ್ಲಿ, ಕೆಲವೇ ನಿಮಿಷಗಳ ಮಟ್ಟಿಗೆ, ಸುಮಾರು 1,000 ಅಶ್ವಶಕ್ತಿಯ ಎಂಜಿನ್ನು ಸುಮಾರು 1,300 ಅಶ್ವಶಕ್ತಿಯನ್ನು ಕೊಟ್ಟಿತು. ಇಲ್ಲಿ ಗಮನಿಸಬೇಕಾದುದು ಒಂದೇ. ಶಕ್ತಿಯನ್ನು ಹೆಚ್ಚಿಸಿದುದು ಪೆಟ್ರೋಲೊಂದೇ ಅಲ್ಲ. ಪೆಟ್ರೋಲು ಅನುಮತಿಯನ್ನಿತ್ತಿತು, ಆ ಅನುಮತಿಯನ್ನು ಬಳಸಿ ಗಾಳಿಯನ್ನು ಹೆಚ್ಚಿಸಿದುದರಿಂದ ಶಕ್ತಿ ಬಂದಿತು. ಹೊಸ ಪೆಟ್ರೋಲನ್ನು ತುಂಬಿ ಹಳೆಯ 6 ಪೌಂಡಿನಲ್ಲಿಯೇ ಹಾರಿದ್ದರೆ ಇಷ್ಟು ಲಾಭ ದೊರೆಯುತ್ತಿರಲಿಲ್ಲ.

ಕಾರುಗಳಲ್ಲಿ ಟರ್ಬೋ ಮೊದಲು ಮಾರಾಟಕ್ಕೆ ಬಂದುದು 1962ರಲ್ಲಿ, ಅಮೆರಿಕದಲ್ಲಿ. ಆಗಿನ ಓಲ್ಡ್ಸ್‌ಮೊಬೈಲ್ ಜೆಟ್‌ಫೈರ್ ಎಂಬ ಕಾರಿನಲ್ಲಿ ನಾಕಿಂಗನ್ನು ತಡೆಯಲು ನೀರು ಮತ್ತು ಮೀಥೈಲ್ ಆಲ್ಕೋಹಾಲಿನ ಮಿಶ್ರಣವನ್ನು ಬೇರೊಂದು ಪಾತ್ರೆಯಿಂದ ಎಂಜಿನ್ನಿಗೆ ಚಿಮ್ಮಿಸುತ್ತಿದ್ದರು. ಆ ಪಾತ್ರೆ ಬರಿದಾದರೆ ಟರ್ಬೋ ಯಂತ್ರದ ಒತ್ತಡವನ್ನು ತಗ್ಗಿಸುವ ಏರ್ಪಾಡೂ ಇತ್ತು. ಪೆಟ್ರೋಲಿನ ತಾಳ್ಮೆ ಸಾಲದಿದ್ದರೆ ಒಂದೋ ತಣಿಸಬೇಕು, ಇಲ್ಲವೇ ಗಾಳಿಯನ್ನು ತಗ್ಗಿಸಬೇಕು ಎಂಬ ತತ್ತ್ವವು ಇಂದಿಗೂ ಬದಲಾಗಿಲ್ಲ.

ಇಂದಿನ ಕಾರುಗಳಲ್ಲಿ ಈ ಎಚ್ಚರವನ್ನು ವಹಿಸುವುದು ಒಂದು ಚಿಕ್ಕ ಗಣಕಯಂತ್ರ. ಎಂಜಿನ್ನಿನ ಮೈಗೆ ಅಂಟಿಕೊಂಡಿರುವ ನಾಕ್ ಸೆನ್ಸರ್ ಎಂಬುದು ಅದರ ಕಿವಿ. ಚಾಲಕನಿಗೆ ಕೇಳಿಸುವ ಮೊದಲೇ ಅದು ನಾಕಿಂಗನ್ನು ಗುರುತಿಸುತ್ತದೆ. ಕೂಡಲೆ ಗಣಕಯಂತ್ರವು ಕಿಡಿಯನ್ನು ತುಸು ತಡವಾಗಿ ಹಾರಿಸುತ್ತದೆ. ಎಂಜಿನ್ನು ಉಳಿಯುತ್ತದೆ, ಆದರೆ ಉಯ್ಯಾಲೆಯನ್ನು ತಡವಾಗಿ ದೂಡಿದಂತಾಗಿ ಶಕ್ತಿ ಕುಗ್ಗುತ್ತದೆ. ಟರ್ಬೋ ಎಂಜಿನ್ನಿಗೆ ಇದರ ಮೇಲೊಂದು ದಂಡವೂ ಉಂಟು. ತಡವಾಗಿ ಉರಿದ ಅನಿಲವು ಹೆಚ್ಚು ಬಿಸಿಯಾಗಿಯೇ ಹೊರಬಿದ್ದು ಟರ್ಬೋ ಚಕ್ರವನ್ನು ಸುಡತೊಡಗುತ್ತದೆ. ಅದನ್ನು ಕಾಪಾಡಲು ಗಣಕಯಂತ್ರವು ಗಾಳಿಯ ಒತ್ತಡವನ್ನೂ ಇಳಿಸಬೇಕಾಗುತ್ತದೆ. ಟರ್ಬೋ ಇಲ್ಲದ ಎಂಜಿನ್ನು ಒಂದು ಪಾಲು ಕಳೆದುಕೊಂಡರೆ ಟರ್ಬೋ ಎಂಜಿನ್ನು ಎರಡು ಕಡೆಯಿಂದಲೂ ಕಳೆದುಕೊಳ್ಳುತ್ತದೆ. ಕಾರಿನ ತುಂಬ ಜನ, ಏರುದಾರಿ, ಮೇ ತಿಂಗಳ ಮಧ್ಯಾಹ್ನ, ಕಡಿಮೆ ಆಕ್ಟೇನಿನ ಪೆಟ್ರೋಲು ಇಷ್ಟೂ ಕೂಡಿದರೆ, ಬೆಳಗಿನ ತಂಪಿನಲ್ಲಿ ಹಗುರವಾಗಿ ಓಡುತ್ತಿದ್ದ ಕಾರು ಭಾರವಾಯಿತೆಂದು ಚಾಲಕನಿಗೆ ತೋರುವುದು ಬರಿಯ ಭ್ರಮೆಯಲ್ಲ.

ಹೀಗಿರಲು ಸೋದರಮಾವನವರ ನಂಬಿಕೆ ನಿಜವೋ ಸುಳ್ಳೋ? ಮೂರು ಸಂದರ್ಭಗಳನ್ನು ಬೇರೆಬೇರೆಯಾಗಿ ನೋಡಬೇಕು. ಮೊದಲನೆಯದು, ಹೆಚ್ಚಿನ ಆಕ್ಟೇನ್ ಬೇಕೆಂದು ತಯಾರಕರೇ ಬರೆದಿರುವ ಕಾರು. ಅದಕ್ಕೆ ಕಡಿಮೆಯದನ್ನು ಹಾಕಿದರೆ ಶಕ್ತಿ ಕುಗ್ಗುವುದು ನಿಶ್ಚಯ. ಅಲ್ಲಿ ಮಿತವ್ಯಯವೇ ನಷ್ಟ. ಎರಡನೆಯದು, 91 ಸಾಕೆಂದು ಬರೆದಿದ್ದರೂ ಹೆಚ್ಚಿನ ಆಕ್ಟೇನನ್ನು ಬಳಸಿಕೊಳ್ಳಬಲ್ಲಂತೆ ಗಣಕಯಂತ್ರವನ್ನು ಅಳವಡಿಸಿರುವ ಟರ್ಬೋ ಕಾರು. ಅದರಲ್ಲಿ ಬಿಸಿಲಿನ ದಿನ, ಪೂರ್ಣ ಶಕ್ತಿಯನ್ನು ಕೇಳಿದಾಗ ಮಾತ್ರ ಸ್ವಲ್ಪ ಲಾಭ ಕಂಡೀತು; ಪೇಟೆಯ ಬೀದಿಯಲ್ಲಿ ಮೆಲ್ಲನೆ ಹೋಗುವಾಗ ಏನೂ ಇಲ್ಲ. ಮೂರನೆಯದು, ಟರ್ಬೋ ಇಲ್ಲದ ಸಾಮಾನ್ಯ ಕಾರು ಹಾಗೂ ನಮ್ಮ ಬಹುಮಂದಿ ಪೋಷಕರಲ್ಲಿರುವ 100 ಘನ ಸೆಂಟಿಮೀಟರಿನ ಮೋಟಾರ್ ಸೈಕಲ್ಲು. ಸಾಮಾನ್ಯ ಪೆಟ್ರೋಲಿನಲ್ಲಿಯೇ ನಾಕಿಂಗ್ ಇಲ್ಲದಿರುವಾಗ ಹೆಚ್ಚಿನ ತಾಳ್ಮೆಗೆ ಅವುಗಳಲ್ಲಿ ಕೆಲಸವೇ ಇಲ್ಲ. ಅಲ್ಲಿ ಹೆಚ್ಚಿಗೆ ಕೊಟ್ಟ ಹಣ ಹೊಗೆಯಾಗಿ ಹೋಗುವುದು.

ಆ ಹಣವೆಷ್ಟು? 2020ರ ಡಿಸೆಂಬರಿನಲ್ಲಿ ಇಂಡಿಯನ್ ಆಯಿಲ್ ಸಂಸ್ಥೆಯು 100 ಆಕ್ಟೇನಿನ ಪೆಟ್ರೋಲನ್ನು ದೆಹಲಿಯಲ್ಲಿ ಮಾರಾಟಕ್ಕೆ ತಂದಾಗ ಅದರ ಬೆಲೆ ಲೀಟರಿಗೆ 160 ರೂಪಾಯಿ. ಆಗ ಅಲ್ಲಿ ಸಾಮಾನ್ಯ ಪೆಟ್ರೋಲು ಸುಮಾರು 82 ರೂಪಾಯಿ. ವಿದ್ಯಾರ್ಥಿಗಳು ಲೆಕ್ಕ ಹಾಕಲಿ: ಲೀಟರಿಗೆ 78 ರೂಪಾಯಿಯಂತೆ 30 ಲೀಟರಿಗೆ 2,340 ರೂಪಾಯಿ ಹೆಚ್ಚು. ಒಂದು ಮಗುವಿಗೆ ಇಡೀ ವರ್ಷದ ನೋಟುಪುಸ್ತಕಗಳನ್ನು ಕೊಳ್ಳಲು ಇಷ್ಟು ಸಾಲದೇ?

ಇನ್ನೊಂದು ಸಂಗತಿಯನ್ನೂ ಪೋಷಕರು ತಿಳಿದಿರಬೇಕು. ಸಾಮಾನ್ಯ ಪೆಟ್ರೋಲೂ ಈಗ ಹಿಂದಿನಂತಿಲ್ಲ. ಆಕ್ಟೇನನ್ನು ಏರಿಸಲು 1923ರಿಂದ ಜಗತ್ತಿನ ಅನೇಕ ಕಡೆ ಪೆಟ್ರೋಲಿಗೆ ಸೀಸದ ಸಂಯುಕ್ತವೊಂದನ್ನು ಬೆರಸುತ್ತಿದ್ದರು. ಎಂಜಿನ್ನಿಗೆ ಅದು ಹಿತವಾಗಿದ್ದರೂ ಅದರ ಹೊಗೆಯು ಮಕ್ಕಳ ಮಿದುಳಿಗೆ ವಿಷ. 2000ದಲ್ಲಿ ಭಾರತವು ಸೀಸ ಬೆರಸಿದ ಪೆಟ್ರೋಲಿನ ಮಾರಾಟವನ್ನು ನಿಲ್ಲಿಸಿತು. ಈಗ ಆ ಕಾರ್ಯಕ್ಕೆ ಒದಗಿರುವುದು ಕಬ್ಬು, ಮೆಕ್ಕೆಜೋಳ, ಅಕ್ಕಿಗಳಿಂದ ತೆಗೆಯುವ ಎಥೆನಾಲ್. ಅದರ ಆಕ್ಟೇನ್ ಸಂಖ್ಯೆ ನೂರಕ್ಕೂ ಮೇಲು. ಅಲ್ಲದೆ ಮಣ್ಣಿನ ಹೂಜಿಯ ಮೈಯಿಂದ ನೀರು ಆರುವಾಗ ಒಳಗಿನ ನೀರು ತಣ್ಣಗಾಗುವಂತೆ, ಎಥೆನಾಲ್ ಆವಿಯಾಗುವಾಗ ಪೆಟ್ರೋಲಿಗಿಂತ ಹೆಚ್ಚು ಶಾಖವನ್ನು ಹೀರಿ ಸಿಲಿಂಡರನ್ನು ತಣಿಸುತ್ತದೆ. ನೂರಕ್ಕೆ 20 ಪಾಲು ಎಥೆನಾಲ್ ಬೆರಸಿದ ಪೆಟ್ರೋಲು 2025ರ ವೇಳೆಗೆ ದೇಶದಲ್ಲೆಲ್ಲ ಬಳಕೆಗೆ ಬಂದಿತು. ಅದರ ಆಕ್ಟೇನ್ ಸಂಖ್ಯೆ ಸುಮಾರು 95.

ಆಕ್ಟೇನ್ ಬೇರೆ, ಶಕ್ತಿ ಬೇರೆ ಎಂಬುದಕ್ಕೆ ಇದೇ ಉತ್ತಮ ಸಾಕ್ಷಿ. ಒಂದು ಲೀಟರು ಪೆಟ್ರೋಲಿನಲ್ಲಿ ಸುಮಾರು 32 ಮೆಗಾಜೂಲ್ ಶಾಖವಿದ್ದರೆ ಎಥೆನಾಲಿನಲ್ಲಿ ಸುಮಾರು 21 ಮಾತ್ರ. 80 ಪಾಲು ಅದು, 20 ಪಾಲು ಇದು ಸೇರಿಸಿದರೆ 29.8 ಆಗುತ್ತದೆ, ಎಂದರೆ ನೂರಕ್ಕೆ ಸುಮಾರು 7ರಷ್ಟು ಕಡಿಮೆ. ಆಕ್ಟೇನ್ ಏರಿತು, ಲೀಟರಿನಲ್ಲಿರುವ ಶಾಖ ಇಳಿಯಿತು! ಏರಿದ ಆಕ್ಟೇನನ್ನು ಬಳಸಿಕೊಳ್ಳುವಂತೆ ರಚಿಸಿದ ಎಂಜಿನ್ನು ಈ ನಷ್ಟದಲ್ಲಿ ಒಂದಂಶವನ್ನು ತುಂಬಿಕೊಳ್ಳುತ್ತದೆ. ಹಳೆಯ ಎಂಜಿನ್ನಿಗೆ ಅದು ಸಾಧ್ಯವಾಗದೆ ಮೈಲೇಜು ತುಸು ಇಳಿಯುತ್ತದೆ.

ಆದುದರಿಂದ ನಮ್ಮ ವಿದ್ಯಾರ್ಥಿಗಳಿಗೆ ಒಂದು ಚಿಕ್ಕ ಕೆಲಸವನ್ನು ಒಪ್ಪಿಸುತ್ತೇವೆ. ಮನೆಯಲ್ಲಿ ಕಾರೋ ಮೋಟಾರ್ ಸೈಕಲ್ಲೋ ಇದ್ದರೆ ಅದರೊಡನೆ ಬಂದ ಕೈಪಿಡಿಯನ್ನು ಹುಡುಕಿ ತೆಗೆಯಿರಿ. ಅನೇಕ ಕಾರುಗಳಲ್ಲಿ ಪೆಟ್ರೋಲು ತುಂಬುವ ಬಾಯಿಯ ಮುಚ್ಚಳದ ಒಳಬದಿಯಲ್ಲಿಯೂ ಬೇಕಾದ ಇಂಧನವನ್ನು ಬರೆದಿರುತ್ತಾರೆ. ಅದು ಇಂಗ್ಲಿಷಿನಲ್ಲಿರುವುದಾದರೂ ಹೆದರಬೇಕಾಗಿಲ್ಲ. ಸಂಖ್ಯೆಯನ್ನು ಓದಲು ಯಾರಿಗೆ ತಾನೆ ಬಾರದು? ಅದರಲ್ಲಿರುವ ಸಂಖ್ಯೆ ಯಾವುದು, ಎಷ್ಟು ಎಥೆನಾಲ್ ಸಲ್ಲುತ್ತದೆ ಎಂಬುದನ್ನು ನೋಡಿ ತಂದೆತಾಯಿಗಳಿಗೆ ಓದಿ ಹೇಳಿ, ಅದರ ಅರ್ಥವನ್ನು ಕನ್ನಡದಲ್ಲಿ ವಿವರಿಸಿರಿ. ಎಂಜಿನ್ನಿನಲ್ಲಿ ಟಣಟಣ ಶಬ್ದ ಕೇಳಿದರೆ ಅಲಕ್ಷಿಸದೆ ಮೆಕ್ಯಾನಿಕ್ಕಿಗೆ ತೋರಿಸುವಂತೆ ಹೇಳಿರಿ.

ಆ ಹುಡುಗನೂ ಹಾಗೆಯೇ ಮಾಡಿದನು. ಮರುವಾರ ಬಂದು, ಮಾವನವರ ಕಾರಿನ ಕೈಪಿಡಿಯಲ್ಲಿ 91 ಅಥವಾ ಅದಕ್ಕಿಂತ ಹೆಚ್ಚು ಎಂದು ಬರೆದಿದೆಯೆಂದು ತಿಳಿಸಿದನು. "ಹಾಗಾದರೆ ಊರಿನ ಪೆಟ್ರೋಲೇ ಸಾಕಲ್ಲವೇ ಸಾರ್? ಮಾವನವರಿಗೆ ಹೇಳಿದೆ, ಮೊದಲು ನಕ್ಕರು, ಆಮೇಲೆ ತಾವೇ ಪುಸ್ತಕವನ್ನು ತೆರೆದು ನೋಡಿದರು" ಎಂದನು. ಕೇಳಿದ ಮಾತನ್ನು ಹಾಗೆಯೇ ನಂಬದೆ ಪುಸ್ತಕವನ್ನು ತೆರೆದು ನೋಡುವ ಈ ಅಭ್ಯಾಸವು ಮನೆಮನೆಯಲ್ಲಿಯೂ ಬೆಳೆಯಲಿ ಎಂಬುದೇ ನಮ್ಮ ಹಾರೈಕೆ.